ಹಂಚುವ ಪಟ್ಟಿ, ಕಾಯುವ ಪಟ್ಟಿ

ಸಂಶೋಧನೆಯಲ್ಲಿ ತೊಡಗಿದವರ ಬಳಿ ಕಾಲಕ್ರಮದಲ್ಲಿ ಎರಡು ಪಟ್ಟಿಗಳು ಬೆಳೆಯುತ್ತವೆ. ಒಂದು, ಆಕರಗಳ ಪಟ್ಟಿ. ಯಾವ ಶಾಸನ ಯಾವ ಸಂಪುಟದಲ್ಲಿದೆ, ಯಾವ ಕಾವ್ಯದ ಯಾವ ಮುದ್ರಣ ನಂಬಲರ್ಹವಾದುದು, ಯಾವ ಓಲೆಗರಿಯ ಕಟ್ಟು ಯಾವ ಭಂಡಾರದಲ್ಲಿದೆ ಎಂಬ ವಿವರಗಳು ಅದರಲ್ಲಿರುತ್ತವೆ. ಇನ್ನೊಂದು, ವ್ಯಕ್ತಿಗಳ ಪಟ್ಟಿ. ಆ ಭಂಡಾರದ ಬೀಗದ ಕೈ ಯಾರ ಬಳಿ ಇದೆ, ಆ ಊರಿನಲ್ಲಿ ಹಳೆಯ ಲಿಪಿ ಓದಬಲ್ಲವರು ಯಾರು, ಯಾರ ಹೆಸರು ಹೇಳಿದರೆ ಯಾವ ಮನೆಯ ಬಾಗಿಲು ತೆರೆಯುತ್ತದೆ ಎಂಬುದು ಅದರ ವಿಷಯ. ಮೊದಲನೆಯದು ಮಹಾಪ್ರಬಂಧದ ಕೊನೆಯಲ್ಲಿ ಗ್ರಂಥಋಣವೆಂಬ ಹೆಸರಿನಿಂದ ಅಚ್ಚಾಗುತ್ತದೆ. ಎರಡನೆಯದರ ನೆರಳು ಮಾತ್ರ ಕೃತಜ್ಞತೆಯ ಪುಟದಲ್ಲಿ ಬಿದ್ದಿರುತ್ತದೆ. ಈ ಎರಡನ್ನೂ ಈಗ ಕೆಲವರು ಕಿಂಡಲ್‌ನಂತಹ ಇ-ರೀಡರಿನಲ್ಲಿ ಇರಿಸಿಕೊಳ್ಳತೊಡಗಿದ್ದಾರೆ. ಪುಸ್ತಕ ಓದುವುದಕ್ಕೆಂದು ರೂಪಿಸಿದ ಸಾಧನದಲ್ಲಿ ಸ್ವಂತ ಪಟ್ಟಿಗಳನ್ನು ಇಡುವುದರಿಂದ ಆಗುವ ಪ್ರಯೋಜನವೇನು, ಅದಕ್ಕೆ ಬೇಕಾದ ಶಿಸ್ತು ಯಾವುದು ಎಂಬುದು ಸಾಹಿತ್ಯದ ವಿದ್ಯಾರ್ಥಿಗಳು ವಿಚಾರ ಮಾಡಬೇಕಾದ ಸಂಗತಿ.

ಪಟ್ಟಿ ಮಾಡುವುದು ವಿದ್ವತ್ತಿನ ಕೆಳದರ್ಜೆಯ ಕೆಲಸವೆಂಬ ಭಾವನೆ ಕೆಲವರಲ್ಲಿದೆ. ಕನ್ನಡದ ಅಧ್ಯಯನ ಚರಿತ್ರೆ ಈ ಭಾವನೆಯನ್ನು ಸಮರ್ಥಿಸುವುದಿಲ್ಲ. ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಮೂರು ಸಂಪುಟಗಳು 1907, 1919 ಮತ್ತು 1929ರಲ್ಲಿ ಹೊರಬಂದವು. ಅದರ ಬುಡದಲ್ಲಿರುವುದು ಕವಿಗಳ, ಕೃತಿಗಳ, ಕಾಲದ ಒಂದು ದೊಡ್ಡ ಪಟ್ಟಿಯೇ. ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ' 1948ರಲ್ಲಿ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಓಲೆಗರಿಗಳನ್ನು ಅರಸುವವರು ಇಂದಿಗೂ ಮೊದಲು ತೆರೆಯುವ ಪುಸ್ತಕಗಳಲ್ಲಿ ಅದೂ ಒಂದು. ಇಂತಹ ಸೂಚಿಗಳ ಹಿಂದೆ ಚೀಟಿಗಳು, ಅಂಚೆ ಕಾರ್ಡುಗಳು, ಡೈರಿಯ ಪುಟಗಳು ರಾಶಿಯಾಗಿ ಬಿದ್ದಿರುತ್ತವೆ. ಇಂದು ಆ ಚೀಟಿಯ ಪೆಟ್ಟಿಗೆಯ ಜಾಗಕ್ಕೆ ಗಣಕಯಂತ್ರದ ಕಡತ ಬಂದಿದೆ. ಆ ಕಡತವನ್ನು ಜೊತೆಯಲ್ಲಿ ಒಯ್ಯುವ ಸಾಧನವಾಗಿ ಇ-ರೀಡರ್ ಬಂದಿದೆ.

ಅಮೆಜಾನ್ ಸಂಸ್ಥೆ ಕಿಂಡಲನ್ನು ಮೊದಲು ಮಾರುಕಟ್ಟೆಗೆ ತಂದದ್ದು 2007ರ ನವೆಂಬರಿನಲ್ಲಿ, ಅಮೆರಿಕದಲ್ಲಿ. ಅದರ ತೆರೆಯಲ್ಲಿ ಬಳಸುವ ಇ-ಇಂಕ್ ತಂತ್ರ ಮೊಬೈಲ್ ತೆರೆಯದಕ್ಕಿಂತ ಬೇರೆ. ಅತಿ ಸಣ್ಣ ಕೋಶಗಳಲ್ಲಿರುವ ಕಪ್ಪು ಬಿಳುಪಿನ ಕಣಗಳು ವಿದ್ಯುತ್ ಕ್ಷೇತ್ರಕ್ಕೆ ತಕ್ಕಂತೆ ಮೇಲಕ್ಕೆ ಕೆಳಕ್ಕೆ ಸರಿದು ಅಕ್ಷರವನ್ನು ಮೂಡಿಸುತ್ತವೆ. ಒಮ್ಮೆ ಮೂಡಿದ ಅಕ್ಷರವನ್ನು ಹಾಗೆಯೇ ನಿಲ್ಲಿಸಿಕೊಳ್ಳಲು ವಿದ್ಯುತ್ತು ಬೇಡ. ಪುಟ ತಿರುವುವಾಗ ಮಾತ್ರ ಬೇಕು. ಕಾಗದದಂತೆ ಹೊರಗಿನ ಬೆಳಕನ್ನೇ ಪ್ರತಿಫಲಿಸುವುದರಿಂದ ಮೊಬೈಲ್ ತೆರೆ ಮಂಕಾಗುವ ಬಿಸಿಲಿನಲ್ಲಿ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಅದರಿಂದ ಯಾರಿಗೂ ಕರೆ ಮಾಡಲಾಗುವುದಿಲ್ಲ. ಹೆಸರಿನ ಮೇಲೆ ಬೆರಳಿಟ್ಟರೆ ದೂರವಾಣಿ ಮೊಳಗುವುದಿಲ್ಲ. ವಿಳಾಸವನ್ನು ಓದಬಹುದು, ಅಷ್ಟೇ. ಸಂಪರ್ಕಪಟ್ಟಿಗೆ ಇದು ಕೊರತೆಯೆಂದು ತೋರಬಹುದು. ಆಕರಪಟ್ಟಿಗಂತೂ ಇದೇ ಅನುಕೂಲ. ಕ್ಷೇತ್ರಕಾರ್ಯದಲ್ಲಿರುವವರಿಗೆ ಬೇಕಾದದ್ದು ಗಮನವನ್ನು ಬೇರೆಡೆಗೆ ಸೆಳೆಯದ, ವಾರಗಟ್ಟಲೆ ಚಾರ್ಜ್ ಉಳಿಯುವ, ಬಿಸಿಲಿನಲ್ಲಿ ಓದಬಹುದಾದ ಒಂದು ಪುಟ.

ಶ್ರವಣಬೆಳಗೊಳದ ಶಾಸನಗಳ ಉದಾಹರಣೆಯನ್ನು ನೋಡಬಹುದು. ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಲ್ಲಿನ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದಾಗ ಸಂಖ್ಯೆ 500ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಅವು 573 ಆದವು. ಹೀಗಾಗಿ ಒಂದೇ ಶಾಸನಕ್ಕೆ ಎರಡು ಮೂರು ಸಂಖ್ಯೆಗಳು ಇರುವುದು ಸಾಮಾನ್ಯ. ಹಳೆಯ ಲೇಖನವೊಂದರಲ್ಲಿ 'ಶ್ರ.ಬೆ.' ಎಂಬ ಸಂಕ್ಷೇಪದ ಮುಂದೆ ಬರಿಯ ಸಂಖ್ಯೆ ಇದ್ದರೆ ಅದು ಯಾವ ಆವೃತ್ತಿಯದು ಎಂದು ಮೊದಲು ನಿರ್ಧರಿಸಬೇಕಾಗುತ್ತದೆ. ಮೂರೂ ಸಂಖ್ಯೆಗಳನ್ನು ಹೊಂದಿಸಿದ ಪಟ್ಟಿ ಮನೆಯ ಕಪಾಟಿನಲ್ಲಿದ್ದರೆ ಸಾಲದು, ಬೆಟ್ಟದ ಮೇಲೆ ಕೈಯಲ್ಲಿರಬೇಕು. ಚಂದ್ರಗಿರಿಯ ಬಂಡೆಯ ಮೇಲಿನ ಸವೆದ ಅಕ್ಷರಗಳು ಬೆಳಗ್ಗೆ ಅಥವಾ ಸಂಜೆ ಬೆಳಕು ಓರೆಯಾಗಿ ಬಿದ್ದಾಗ ಚೆನ್ನಾಗಿ ಕಾಣುತ್ತವೆ. ಆ ಅಲ್ಪ ಹೊತ್ತಿನಲ್ಲಿ ಮೂರು ದಪ್ಪ ಸಂಪುಟಗಳನ್ನು ತಿರುವಿಹಾಕಲು ಸಾಧ್ಯವಿಲ್ಲ. ಕೈಯಗಲದ ಸಾಧನದಲ್ಲಿ ಹುಡುಕಿದರೆ ಸಂಖ್ಯೆ ಕೂಡಲೇ ಸಿಗುತ್ತದೆ.

ಆದರೆ ಹಾಗೆ ಸಿಗಬೇಕಾದರೆ ಪಟ್ಟಿಯನ್ನು ಆ ಸಾಧನಕ್ಕೆ ಒಗ್ಗುವಂತೆ ಬರೆದಿರಬೇಕು. ಗಣಕಯಂತ್ರದಲ್ಲಿ ಏಳೆಂಟು ಅಂಕಣಗಳ ಕೋಷ್ಟಕವಾಗಿ ಇರುವುದು ಕಿರಿದಾದ ತೆರೆಯಲ್ಲಿ ಚೂರುಚೂರಾಗುತ್ತದೆ. ಪಿಡಿಎಫ್ ಆಗಿ ಹಾಕಿದರೆ ಪುಟದ ಆಕಾರ ಉಳಿಯುತ್ತದೆ, ಅಕ್ಷರ ಇರುವೆಯಷ್ಟಾಗುತ್ತದೆ. ಪ್ರತಿಯೊಂದು ನಮೂದನ್ನೂ ಮೂರು ನಾಲ್ಕು ಸಾಲಿನ ಪುಟ್ಟ ಪರಿಚ್ಛೇದವಾಗಿ ಬರೆದು, ಶೀರ್ಷಿಕೆಗಳನ್ನು ಕೊಟ್ಟು, ಇಪಬ್ ರೂಪಕ್ಕೆ ತಂದರೆ ಅಕ್ಷರವನ್ನು ಬೇಕಾದಷ್ಟು ಹಿಗ್ಗಿಸಿಕೊಳ್ಳಬಹುದು. ಪರಿವಿಡಿಯಿಂದ ನೇರವಾಗಿ ಬೇಕಾದ ಊರಿಗೆ ಅಥವಾ ಅಕ್ಷರಕ್ಕೆ ಹೋಗಬಹುದು. ಹಳೆಯ ಸೂಚಿಕಾರರು ಒಂದು ಚೀಟಿಯಲ್ಲಿ ಒಂದೇ ಕೃತಿಯ ವಿವರ ಬರೆಯುತ್ತಿದ್ದ ಕ್ರಮವೇ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಕನ್ನಡದಲ್ಲಿ ಪಟ್ಟಿ ಮಾಡುವವರಿಗೆ ಇನ್ನೊಂದು ತೊಡಕಿದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಕಡತಗಳು ಅಧ್ಯಾಪಕರ ಬಳಿ ರಾಶಿ ರಾಶಿ ಇವೆ. ಅವು ಕಣ್ಣಿಗೆ ಕನ್ನಡ. ಯಂತ್ರಕ್ಕೆ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು. ಅಂತಹ ಕಡತದಲ್ಲಿ 'ಪೊನ್ನ' ಎಂದು ಹುಡುಕಿದರೆ ಪೊನ್ನ ಸಿಗುವುದಿಲ್ಲ. ಯೂನಿಕೋಡಿಗೆ ಪರಿವರ್ತಿಸದ ಪಟ್ಟಿ ಇ-ರೀಡರಿನಲ್ಲಿ ಬರಿಯ ಚಿತ್ರವಿದ್ದಂತೆ. ಪರಿವರ್ತಿಸುವಾಗ ಅರ್ಕಾವತ್ತು, ಒತ್ತಕ್ಷರ, ಹಳಗನ್ನಡದ ಱ ಮತ್ತು ೞ ಅಕ್ಷರಗಳು ಕೆಡುವುದುಂಟಾದ್ದರಿಂದ ಕಣ್ಣಿಟ್ಟು ತಿದ್ದಬೇಕು. ಯೂನಿಕೋಡಿನ ಪಟ್ಟಿಯಲ್ಲಿಯೇ ೞ ಅಕ್ಷರಕ್ಕೆ 'ಫ' ಎಂಬ ಅರ್ಥ ಬರುವ ತಪ್ಪು ಇಂಗ್ಲಿಷ್ ಹೆಸರು ಸೇರಿಹೋಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಆ ತಪ್ಪನ್ನು ಅಳಿಸಲಾಗದೆ, ಸರಿಯಾದ ಹೆಸರನ್ನು ಪಕ್ಕದಲ್ಲಿ ಪರ್ಯಾಯವಾಗಿ ಸೇರಿಸಿದ್ದಾರೆ. ಪಟ್ಟಿಯಲ್ಲಿ ಒಮ್ಮೆ ನುಸುಳಿದ ತಪ್ಪು ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಅಮೆಜಾನ್ 2016ರ ಡಿಸೆಂಬರಿನಲ್ಲಿ ಭಾರತೀಯ ಭಾಷೆಗಳ ಕಿಂಡಲ್ ಪುಸ್ತಕಗಳನ್ನು ಆರಂಭಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡವಿರಲಿಲ್ಲ. ಆದ್ದರಿಂದ ಕನ್ನಡದ ಕಡತವನ್ನು ಯಾವ ಸಾಧನಕ್ಕೇ ಹಾಕುವ ಮೊದಲು ಒಂದು ಪುಟವನ್ನು ಪ್ರಯೋಗಕ್ಕಾಗಿ ಹಾಕಿ, ಒತ್ತಕ್ಷರಗಳು ಸರಿಯಾಗಿ ಕೂಡುತ್ತವೆಯೇ, ಹುಡುಕಿದ ಪದ ಸಿಗುತ್ತದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಕ್ರಮದ ಪ್ರಶ್ನೆಯೂ ಇದೆ. 'ಎಂ. ಎಂ. ಕಲಬುರ್ಗಿ' ಎಂಬ ಹೆಸರು 'ಎ'ಕಾರದಲ್ಲಿ ಬರಬೇಕೋ 'ಕ'ಕಾರದಲ್ಲಿಯೋ? ಡಿ. ಎಲ್. ನರಸಿಂಹಾಚಾರ್, ಆರ್. ನರಸಿಂಹಾಚಾರ್ ಇಬ್ಬರನ್ನೂ ಒಂದೆಡೆ ಇಟ್ಟರೆ ಬೆರಸುವ ಅಪಾಯ. ಬೇರೆ ಮಾಡಿದರೆ ಮರೆಯುವ ಅಪಾಯ. ಆಕರಪಟ್ಟಿಗೆ ಅಕಾರಾದಿ ಕ್ರಮವೇ ಸರಿ, ಯಾವುದಾದರೂ ಒಂದೇ ಪದ್ಧತಿಯನ್ನು ಕೊನೆಯವರೆಗೂ ಪಾಲಿಸಿದರಾಯಿತು. ವ್ಯಕ್ತಿಗಳ ಪಟ್ಟಿಗೆ ಆ ಕ್ರಮ ಹೊಂದುವುದಿಲ್ಲ. ಹಸ್ತಪ್ರತಿಗಳು ಇರುವುದು ಊರಿನಲ್ಲಿ, ಮನೆಯಲ್ಲಿ. ಯಜಮಾನರು ಬದಲಾಗುತ್ತಾರೆ, ಮನೆ ಬದಲಾಗುವುದಿಲ್ಲ.

ಹಸ್ತಪ್ರತಿಗಳ ಹಿಂದೆ ಮೂರು ದಶಕ ತಿರುಗಿ ನಿವೃತ್ತರಾದ ಅಧ್ಯಾಪಕರೊಬ್ಬರ ಡೈರಿ ಇದೇ ರೀತಿಯದು. ಬೆನ್ನು ಬಿಟ್ಟುಹೋಗಿ ರಬ್ಬರ್ ಬ್ಯಾಂಡಿನ ಬಲದಿಂದ ನಿಂತಿದ್ದ ಆ ಡೈರಿಯಲ್ಲಿ ಊರು ಮೊದಲು, ಬೀದಿ ಅನಂತರ, ಮನೆತನದ ಹೆಸರು ಆಮೇಲೆ. ವ್ಯಕ್ತಿಯ ಹೆಸರಿಗೆ ಕೊನೆಯ ಸ್ಥಾನ. ಎಷ್ಟೋ ಸಂಖ್ಯೆಗಳ ಮುಂದೆ 'ಪಿ.ಪಿ.' ಎಂದಿತ್ತು: ಫೋನ್ ಇರುವುದು ಪಕ್ಕದ ಮನೆಯಲ್ಲಿ, ಕೂಗಿ ಕರೆಯಬೇಕು ಎಂದು ಅರ್ಥ. ಅವರಿಗೆ ಕಣ್ಣಿನ ಪೊರೆಯ ತೊಂದರೆ ಹೆಚ್ಚಿ ತಮ್ಮ ಕೈಬರಹವೇ ಕಾಣದಂತಾದಾಗ, ಅವರಲ್ಲಿ ಪಿಎಚ್.ಡಿ. ಮಾಡಿದ ವಿದ್ಯಾರ್ಥಿನಿ ಡೈರಿಯನ್ನು ಬೆರಳಚ್ಚು ಮಾಡಿ ಅವರ ಕಿಂಡಲಿಗೆ ಹಾಕಿಕೊಡಲು ಮುಂದಾದರು. ಅಕ್ಷರವನ್ನು ಎಷ್ಟು ಬೇಕಾದರೂ ದೊಡ್ಡದು ಮಾಡಿಕೊಳ್ಳಬಹುದೆಂಬುದೇ ಅದಕ್ಕೆ ಕಾರಣ. ಕೆಲಸ ಒಂದು ವಾರದ್ದೆಂದು ತೋರಿತ್ತು; ಎರಡು ತಿಂಗಳು ಹಿಡಿಯಿತು.

ಪ್ರತಿಯೊಂದು ನಮೂದಿಗೂ ಕಥೆಯಿತ್ತು. ಒಂದು ಮನೆಗೆ ಬೆಳಗಿನ ಪೂಜೆ ಮುಗಿಯುವವರೆಗೆ ಫೋನ್ ಮಾಡಬಾರದು. ಇನ್ನೊಂದು ಮನೆಯಲ್ಲಿ ಹಿರಿಯ ಸೊಸೆಯನ್ನು ಕೇಳಬೇಕು, ಕಟ್ಟುಗಳು ಎಲ್ಲಿವೆ ಎಂಬುದು ಅವರಿಗೆ ಮಾತ್ರ ಗೊತ್ತು. ಮತ್ತೊಂದರ ಎದುರು, ಹಿಂದೆ ಯಾರೋ ಓದಲು ಒಯ್ದ ಕಟ್ಟು ಮರಳಿಲ್ಲ, ಆ ಮಾತು ಮೊದಲು ಎತ್ತದೆ ಮುಂದುವರಿಯಬಾರದು ಎಂಬ ಎಚ್ಚರಿಕೆ. ಒಂದು ಹೆಸರಿನ ಬಳಿ ವಿದ್ಯಾರ್ಥಿನಿ ನಿಂತರು.

"ಸರ್, ಇವರು ತೀರಿಕೊಂಡು ಎಂಟು ವರ್ಷವಾಯಿತು ಎಂದಿರಿ. ತೆಗೆದುಬಿಡಲೇ?"

"ಬೇಡಮ್ಮ. ನಂಬರು ತೆಗೆ, ಹೆಸರು ಇರಲಿ. ಅವರ ಹೆಸರು ಹೇಳಿದರೆ ಮಗ ಕಟ್ಟು ಬಿಚ್ಚುತ್ತಾನೆ. ನನ್ನ ಹೆಸರಿಗೆ ಬಿಚ್ಚುವುದಿಲ್ಲ."

ಮೊಬೈಲಿನ ಸಂಪರ್ಕಪಟ್ಟಿಯಲ್ಲಿ ಇಂತಹ ಹೆಸರಿಗೆ ಸ್ಥಳವಿಲ್ಲ, ಏಕೆಂದರೆ ಅಲ್ಲಿ ಹೆಸರೆಂದರೆ ಸಂಖ್ಯೆಗೆ ಅಂಟಿಸಿದ ಚೀಟಿ. ಓದುವ ಸಾಧನದಲ್ಲಿ ಅದೇ ಪಟ್ಟಿ ಗದ್ಯವಾಗುತ್ತದೆ. ಯಾರು, ಯಾವ ಊರು, ಯಾರ ಮೂಲಕ ಪರಿಚಯ, ಏನನ್ನು ತೋರಿಸಿದರು, ಏನನ್ನು ತೋರಿಸಲಿಲ್ಲ, ಕೊನೆಯದಾಗಿ ವಿಚಾರಿಸಿದ್ದು ಯಾವ ದಿನ: ಇವೆಲ್ಲ ಸೇರಿ ಒಂದು ಭಂಡಾರದ ಚರಿತ್ರೆಯೇ ಆಗುತ್ತದೆ.

ಆ ಕಾರಣಕ್ಕೇ ಅದು ಅಪಾಯಕಾರಿಯೂ ಹೌದು. 1972ರ ಪ್ರಾಚ್ಯವಸ್ತು ಕಾಯಿದೆ 75 ವರ್ಷಕ್ಕೆ ಕಡಮೆಯಿಲ್ಲದ, ಸಾಹಿತ್ಯಕ ಅಥವಾ ಐತಿಹಾಸಿಕ ಮೌಲ್ಯವುಳ್ಳ ಹಸ್ತಪ್ರತಿಗಳನ್ನು ಪ್ರಾಚ್ಯವಸ್ತುಗಳಲ್ಲಿ ಸೇರಿಸಿದೆ. ಖಾಸಗಿಯವರು ಅವುಗಳನ್ನು ದೇಶದ ಹೊರಗೆ ಸಾಗಿಸುವುದನ್ನು ನಿಷೇಧಿಸಿದೆ. ಇಂತಹ ನಿಷೇಧ ಬೇಕಾಯಿತೆಂದರೆ ಅವುಗಳಿಗೆ ಕೊಳ್ಳುವವರಿದ್ದಾರೆ ಎಂದೇ ಅರ್ಥ. ಯಾವ ಊರಿನ ಯಾವ ಮನೆಯ ಅಟ್ಟದಲ್ಲಿ ಎಷ್ಟು ಕಟ್ಟುಗಳಿವೆ, ಮನೆಯಲ್ಲಿ ಇರುವವರು ಯಾರು ಎಂಬ ಬರಹ ಸಂಶೋಧಕನಿಗೆ ದಾರಿದೀಪ. ಹಳೆಯ ವಸ್ತುಗಳ ವ್ಯಾಪಾರಿಗೂ ಅಷ್ಟೇ ದಾರಿದೀಪ. ಆ ಮನೆಯವರು ವಿಶ್ವಾಸವಿಟ್ಟದ್ದು ಎದುರು ಕುಳಿತ ವ್ಯಕ್ತಿಯಲ್ಲಿ, ಅವರ ಯಂತ್ರದಲ್ಲಿ ಅಲ್ಲ.

ಯಂತ್ರಕ್ಕೆ ಕಡತವನ್ನು ಸೇರಿಸುವ ದಾರಿಗಳು ಎರಡು. ಒಂದು, ಇಮೇಲ್ ಅಥವಾ 'ಸೆಂಡ್ ಟು ಕಿಂಡಲ್' ಮೂಲಕ ಕಳಿಸುವುದು. ಇದು ಸುಲಭ, ಆದರೆ ಕಡತ ಕಂಪನಿಯ ಸರ್ವರಿನ ಮೂಲಕ ಹಾಯುತ್ತದೆ. ಇನ್ನೊಂದು, ಕೇಬಲಿನಿಂದ ಗಣಕಯಂತ್ರಕ್ಕೆ ಜೋಡಿಸಿ 'ಡಾಕ್ಯುಮೆಂಟ್ಸ್' ಎಂಬ ಫೋಲ್ಡರಿನಲ್ಲಿ ಇಡುವುದು. ಶಾಸನಸಂಖ್ಯೆಗಳ ಪಟ್ಟಿಯನ್ನು ಯಾವ ದಾರಿಯಲ್ಲಿ ಕಳಿಸಿದರೂ ಬಾಧೆಯಿಲ್ಲ. ಮನೆಗಳ ಪಟ್ಟಿಗೆ ಕೇಬಲಿನ ದಾರಿಯೇ ಯೋಗ್ಯ. ಸಾಧನಕ್ಕೆ ಪಾಸ್‌ಕೋಡ್ ಹಾಕಿರುವುದೂ ಅವಶ್ಯ. ಕಿಂಡಲ್ ಮನೆಯಲ್ಲಿ ಕೈಯಿಂದ ಕೈಗೆ ಹೋಗುವ ವಸ್ತು. ಕಾದಂಬರಿ ಓದಲೆಂದು ಒಯ್ದವರ ಎದುರು ಪಟ್ಟಿಯೂ ತೆರೆದಿರುತ್ತದೆ.

ದೂರದ ಕೈಯೊಂದು ಈ ಸಾಧನದೊಳಕ್ಕೆ ಬರಬಲ್ಲದು ಎಂಬುದು 2009ರ ಜುಲೈನಲ್ಲಿಯೇ ಜಗತ್ತಿಗೆ ಗೊತ್ತಾಯಿತು. ಹಕ್ಕಿಲ್ಲದವರು ಮಾರಿದ್ದರೆಂಬ ಕಾರಣಕ್ಕೆ ಜಾರ್ಜ್ ಆರ್ವೆಲ್‌ನ '1984' ಮತ್ತು 'ಅನಿಮಲ್ ಫಾರ್ಮ್' ಪ್ರತಿಗಳನ್ನು ಅಮೆಜಾನ್ ಅಮೆರಿಕದ ಓದುಗರ ಕಿಂಡಲುಗಳಿಂದ ಅಳಿಸಿಹಾಕಿತು. ಹಣ ಹಿಂದಿರುಗಿಸಿತು, ಆಮೇಲೆ ಕ್ಷಮೆಯನ್ನೂ ಕೇಳಿತು. ತರಗತಿಗಾಗಿ ಆ ಕಾದಂಬರಿಯನ್ನು ಓದುತ್ತಿದ್ದ ವಿದ್ಯಾರ್ಥಿಯೊಬ್ಬನ ಟಿಪ್ಪಣಿಗಳು ಆಧಾರವಾದ ಪಠ್ಯವಿಲ್ಲದೆ ನಿರುಪಯುಕ್ತವಾದವು. ಮೂಲ ಹೋದ ಮೇಲೆ ಟೀಕೆಯಷ್ಟೇ ಉಳಿದ ಈ ಸ್ಥಿತಿ ಹಳೆಯ ಸಾಹಿತ್ಯವನ್ನು ಓದುವವರಿಗೆ ಅಪರಿಚಿತವಲ್ಲ.

ಗ್ರಂಥಸಂಪಾದನಶಾಸ್ತ್ರದ ಪಾಠ ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಇ-ರೀಡರಿನಲ್ಲಿರುವುದು ಪ್ರತಿ, ಮೂಲವಲ್ಲ. ಮೂಲಪ್ರತಿ ಗಣಕಯಂತ್ರದಲ್ಲಿ ಒಂದೇ ಇರಬೇಕು, ತಿದ್ದುಪಡಿ ಅಲ್ಲಿಯೇ ಆಗಬೇಕು. ಪ್ರತಿಯ ಮೊದಲ ಪುಟದಲ್ಲಿ ಅದು ಸಿದ್ಧವಾದ ದಿನಾಂಕವಿರಬೇಕು, ಓಲೆಗರಿಯ ಕೊನೆಯಲ್ಲಿ ಲಿಪಿಕಾರ ತಿಥಿಯನ್ನು ಬರೆದಂತೆ. ಕ್ಷೇತ್ರದಲ್ಲಿ ಹೊಸ ವಿವರ ಸಿಕ್ಕಾಗ ಸಾಧನದಲ್ಲಿಯೇ ಟಿಪ್ಪಣಿ ಹಾಕಿಕೊಳ್ಳಬಹುದು. ಆದರೆ ಹೊಸ ಪ್ರತಿಯನ್ನು ಹಾಕಿದಾಗ ಹಳೆಯದರ ಟಿಪ್ಪಣಿಗಳು ತಾವಾಗಿ ಅದಕ್ಕೆ ಬಂದು ಸೇರುತ್ತವೆಂದು ನಂಬಿ ಕೂರುವಂತಿಲ್ಲ. ಕಿಂಡಲಿನಲ್ಲಿ 'ಮೈ ಕ್ಲಿಪ್ಪಿಂಗ್ಸ್' ಎಂಬ ಸರಳ ಕಡತವೊಂದಿದೆ. ಗುರುತು ಮಾಡಿದ ಸಾಲು, ಬರೆದ ಟಿಪ್ಪಣಿ, ಅದರ ದಿನ ಮತ್ತು ವೇಳೆ ಅಲ್ಲಿ ಒಂದರ ಕೆಳಗೊಂದು ಸೇರುತ್ತ ಹೋಗುತ್ತವೆ. ಟಿಪ್ಪಣಿಯನ್ನು ತಿದ್ದಿದರೆ ತಿದ್ದಿದ್ದು ಬೇರೆಯಾಗಿ ಸೇರುತ್ತದೆ. ಮೊದಲಿನದೂ ಹಾಗೆಯೇ ಉಳಿಯುತ್ತದೆ. ಪಾಠಾಂತರಗಳನ್ನು ಅಳಿಸದೆ ಉಳಿಸಿಕೊಳ್ಳುವ ಸಂಪಾದಕನಿಗೆ ಇದು ಅನುಕೂಲವೇ. ಅಳಿಸಿದೆನೆಂದು ತಿಳಿದ ಗುಟ್ಟಿನ ವಿವರವೂ ಅಲ್ಲಿ ಉಳಿದಿರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರ ಸುತ್ತಿ ಇಡುವ ಪದ್ಧತಿಯಿದೆ. ಪಟ್ಟಿಗಳಿಗೂ ವರ್ಷಕ್ಕೊಂದು ಅಂತಹ ದಿನವನ್ನು ಇಟ್ಟುಕೊಂಡರೆ ಕೆಟ್ಟುಹೋದ ಸಂಖ್ಯೆಗಳು, ಬದಲಾದ ವಿಳಾಸಗಳು ಸರಿಹೋಗುತ್ತವೆ. ವರ್ಷಕ್ಕೊಮ್ಮೆಯಾದರೂ ಆ ಮನೆಗಳಿಗೆ ಕೆಲಸವಿಲ್ಲದೆ ಫೋನ್ ಮಾಡಿದಂತೆಯೂ ಆಗುತ್ತದೆ.

ಡೈರಿಯ ಕೆಲಸ ಮುಗಿದ ಕೆಲವು ದಿನಗಳಲ್ಲಿ ಬೇರೊಂದು ವಿಶ್ವವಿದ್ಯಾನಿಲಯದ ಸಂಶೋಧಕರು ಎರಡೂ ಪಟ್ಟಿಗಳನ್ನು ಕಳಿಸುವಂತೆ ವಿದ್ಯಾರ್ಥಿನಿಯನ್ನು ಕೇಳಿದರು. ಅವರು ಅಧ್ಯಾಪಕರನ್ನು ವಿಚಾರಿಸಿದರು.

"ಆಕರದ್ದು ಪೂರ್ತಿ ಕಳಿಸು, ಒಂದು ಸಾಲೂ ಬಿಡಬೇಡ. ಇದನ್ನು ಕಳಿಸಬೇಡ. ಯಾವ ಊರು ಬೇಕೋ ಹೇಳಲಿ. ಆ ಮನೆಯವರನ್ನು ಮೊದಲು ನಾನು ಕೇಳುತ್ತೇನೆ."

ಈ ಉತ್ತರದಲ್ಲಿ ಜಿಪುಣತನವಿಲ್ಲ. ಕನ್ನಡ ನಾಡಿನ ಗ್ರಂಥಪರಂಪರೆಯಲ್ಲಿ ಈ ಎರಡು ಬಗೆಯ ನಡತೆಗೂ ಹಿರಿಯ ನಿದರ್ಶನಗಳಿವೆ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ ಸಂಗತಿ. ಕೃತಿ ಉಳಿಯಬೇಕಾದರೆ ಅದು ಅನೇಕರ ಕೈಯಲ್ಲಿರಬೇಕು ಎಂಬ ತಿಳಿವು ಅದರ ಹಿಂದಿದೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ ಗ್ರಂಥಗಳ ಓಲೆಗರಿಗಳು ಶತಮಾನಗಳ ಕಾಲ ಹೊರಗಿನವರ ಕೈಗೆ ಸಿಗದಂತೆ ಇದ್ದವು. ಧವಲಾ ಟೀಕೆಯ ಮೊದಲ ಸಂಪುಟ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಚ್ಚಾಗಿ ಬಂದದ್ದು 1939ರಲ್ಲಿ. ಕಾಯ್ದವರ ಕಟ್ಟುನಿಟ್ಟನ್ನು ಟೀಕಿಸಿದವರಿದ್ದಾರೆ. ಕಾಯ್ದದ್ದರಿಂದಲೇ ಅವು ಉಳಿದವು ಎಂಬುದನ್ನೂ ಅಲ್ಲಗಳೆಯಲಾಗದು. ಬಾಗಿಲು ತೆರೆದ ಮೇಲೆ ಅವು ಎಲ್ಲರ ಗ್ರಂಥಗಳಾದವು.

ಇ-ರೀಡರಿನ ಒಂದೇ ಕಪಾಟಿನಲ್ಲಿ, ಒಂದೇ ಅಳತೆಯ ಮುಖಪುಟದೊಂದಿಗೆ, ಎರಡು ಪಟ್ಟಿಗಳೂ ಅಕ್ಕಪಕ್ಕ ಕುಳಿತಿರುತ್ತವೆ. ಅವುಗಳ ಗುಣ ಬೇರೆ ಎಂಬುದು ಯಂತ್ರಕ್ಕೆ ತಿಳಿಯುವುದಿಲ್ಲ. ಆಕರಗಳ ಪಟ್ಟಿ ಅದನ್ನು ಸಿದ್ಧಪಡಿಸಿದವರ ಶ್ರಮದ ಫಲ. ಅದನ್ನು ಬದುಕಿರುವಾಗಲೇ ಶಿಷ್ಯರಿಗೆ, ಗ್ರಂಥಾಲಯಕ್ಕೆ, ಕೇಳಿದವರಿಗೆಲ್ಲ ಕೊಟ್ಟುಬಿಡಬೇಕು. ವ್ಯಕ್ತಿಗಳ ಪಟ್ಟಿ ಬೇರೆಯವರ ವಿಶ್ವಾಸದ ಫಲ. ಅದರ ಒಡೆತನ ಬರೆದಿಟ್ಟುಕೊಂಡವರದಲ್ಲ. ಅದನ್ನು ಮುಂದಿನವರಿಗೆ ಕೊಡುವ ರೀತಿ ಒಂದೇ: ಶಿಷ್ಯರನ್ನು ಜೊತೆಯಲ್ಲಿ ಕರೆದುಕೊಂಡು ಆ ಮನೆಗಳಿಗೆ ಹೋಗಿ, ಇವರು ನಮ್ಮವರು ಎಂದು ಹೇಳಿ ಬರುವುದು. ಅಧ್ಯಾಪಕರು ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಮಾಡುತ್ತಿರುವುದು ಇದನ್ನೇ. ವಿದ್ಯಾರ್ಥಿನಿಯೊಂದಿಗೆ ಈವರೆಗೆ ಹನ್ನೊಂದು ಮನೆಗಳಿಗೆ ಹೋಗಿಬಂದಿದ್ದಾರೆ. ಪಟ್ಟಿಯಲ್ಲಿ ಇನ್ನೂ ಮೂವತ್ತು ಉಳಿದಿವೆ.